ಅಲ್ಯೂಮಿನಿಯಂ ಕ್ಯಾನ್ ಅಪ್ಪಚ್ಚಿ ಮಾಡುವ ಯಂತ್ರ: ಮನೆಯಲ್ಲೇ ಕಟ್ಟುವ ಸಮಗ್ರ ಮಾರ್ಗದರ್ಶಿ

ಎರಡು ಹಲಗೆಗೆ ಒಂದು ಹಿಂಜ್ ಹೊಡೆದು, ನಡುವೆ ಖಾಲಿ ಕ್ಯಾನ್ ಇಟ್ಟು ಒತ್ತಿ ನೋಡಿದವರೆಲ್ಲ ಹೇಳುವುದು ಒಂದೇ ಮಾತು: "ಕ್ಯಾನ್ ನಿಲ್ಲುವುದೇ ಇಲ್ಲ, ಪಕ್ಕಕ್ಕೆ ಚಿಮ್ಮುತ್ತದೆ." ಬಲ ಸಾಲದು ಅಂದುಕೊಂಡು ಹಿಡಿಕೆಯನ್ನು ಉದ್ದ ಮಾಡುತ್ತಾರೆ. ಆಗ ಕ್ಯಾನ್ ಇನ್ನೂ ಜೋರಾಗಿ ಚಿಮ್ಮುತ್ತದೆ. ಹಿಂಜ್ ಹಾಕಿದ ಹಲಗೆಗಳು ಪುಸ್ತಕ ಮುಚ್ಚಿದಂತೆ ಮುಚ್ಚುತ್ತವೆ. ಹಿಂಜ್ ಕಡೆಯ ಅಂಚು ಮೊದಲು ಅದುಮಿಕೊಂಡು ಕ್ಯಾನನ್ನು ಹೊರಕ್ಕೆ ತಳ್ಳುತ್ತದೆ. ಇಲ್ಲಿ ಕೊರತೆ ಬಲದ್ದಲ್ಲ, ದಾರಿಯದ್ದು. ಒತ್ತುವ ಭಾಗ ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ಇಳಿಯಬೇಕು. ಅದೊಂದು ಸಾಧ್ಯವಾದರೆ ಹತ್ತು ವರ್ಷದ ಹುಡುಗನ ಕೈಬಲವೇ ಸಾಕು. (ಹಾಗಂತ ಹುಡುಗನ ಕೈಗೆ ಕೊಡಬಾರದು. ಅದರ ಮಾತು ಮುಂದೆ ಬರುತ್ತದೆ.)

ಇಲ್ಲಿ ವಿವರಿಸುತ್ತಿರುವುದು ಗೋಡೆಗೆ ಕೂರಿಸುವ, ಮೇಲಿನಿಂದ ಕೆಳಕ್ಕೆ ಎಳೆಯುವ ಯಂತ್ರ. ಮೂರು ಕಡೆ ಮುಚ್ಚಿ ಮುಂದುಗಡೆ ತೆರೆದಿರುವ ಮರದ ಪೆಟ್ಟಿಗೆ, ಅದರೊಳಗೆ ಜಾರುವ ಒಂದು ಕೊರಡು, ಕೊರಡನ್ನು ತಳ್ಳಲು ಎರಡೂ ಬದಿಗೆ ಕಬ್ಬಿಣದ ಪಟ್ಟಿಗಳು. ಇಷ್ಟೇ. 330 ಮತ್ತು 355 ಮಿ.ಲೀ. ಕ್ಯಾನ್‌ಗೆ ಅಳತೆ ಕೊಟ್ಟಿದ್ದೇನೆ. 500 ಮಿ.ಲೀ. ಕ್ಯಾನ್‌ಗೆ ಬೇಕಾದ ಬದಲಾವಣೆ ಕೊನೆಯಲ್ಲಿದೆ.

## ಶುರು ಮಾಡುವ ಮುನ್ನ: ಮೂರು ವಿಚಾರ

ಯಾರಿಗೆ ಕೊಡುತ್ತೀರಿ, ಮೊದಲು ಕೇಳಿ. ಖಾಲಿ ಕ್ಯಾನ್ ಮರಳಿಸಿ ಠೇವಣಿ ಹಣ ಪಡೆಯುವ ವ್ಯವಸ್ಥೆ ಇರುವ ಕಡೆ, ಕ್ಯಾನ್ ವಾಪಸ್ ಪಡೆಯುವ ಯಂತ್ರವು ಅದರ ಬಾರ್‌ಕೋಡ್ ಓದುತ್ತದೆ. ಅಪ್ಪಚ್ಚಿಯಾದ ಕ್ಯಾನನ್ನು ಅದು ತೆಗೆದುಕೊಳ್ಳುವುದಿಲ್ಲ. ಎಲ್ಲ ಬಗೆಯ ಒಣಕಸವನ್ನು ಒಟ್ಟಿಗೆ ಒಯ್ದು ಯಂತ್ರದಲ್ಲಿ ಬೇರ್ಪಡಿಸುವ ಕೆಲವು ಕಡೆಯೂ ಜಜ್ಜದ ಕ್ಯಾನನ್ನೇ ಕೇಳುತ್ತಾರೆ, ಚಪ್ಪಟೆಯಾದದ್ದು ಕಾಗದದ ಜೊತೆ ಸೇರಿಹೋಗುತ್ತದೆ ಎಂಬ ಕಾರಣಕ್ಕೆ. ತೂಕದ ಲೆಕ್ಕದಲ್ಲಿ ಗುಜರಿಗೆ ಕೊಡುವವರಿಗೆ ಈ ತೊಂದರೆ ಇಲ್ಲ.

ಅಯಸ್ಕಾಂತ ಇಟ್ಟುಕೊಳ್ಳಿ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿದರೆ ಅದು ಉಕ್ಕಿನ ಡಬ್ಬಿ, ಈ ಯಂತ್ರದ್ದಲ್ಲ.

ಒತ್ತಡ ತುಂಬಿದ ಡಬ್ಬಿ ಇದರ ಹತ್ತಿರವೂ ಬರಬಾರದು. ಸುಗಂಧದ ಸ್ಪ್ರೇ, ಬಣ್ಣದ ಸ್ಪ್ರೇ, ಕೀಟನಾಶಕದ ಸ್ಪ್ರೇ ಯಾವುದೂ ಬೇಡ. ಅವುಗಳಲ್ಲಿ ಕೆಲವು ಅಲ್ಯೂಮಿನಿಯಂನವೇ ಆದ್ದರಿಂದ ಅಯಸ್ಕಾಂತದ ಪರೀಕ್ಷೆ ಅಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ. "ಖಾಲಿಯಾಗಿದೆ" ಅನ್ನಿಸಿದ ಸ್ಪ್ರೇ ಡಬ್ಬಿಯಲ್ಲೂ ಅನಿಲ ಉಳಿದಿರುತ್ತದೆ. ಅದು ಸಿಡಿಯುತ್ತದೆ.

## ಕ್ಯಾನ್ ಹೇಗೆ ಕುಸಿಯುತ್ತದೆ

ಇದನ್ನು ಅರ್ಥ ಮಾಡಿಕೊಳ್ಳದೆ ಅಳತೆ ಹಿಡಿದರೆ ಮುಂದಿನ ಹಂತಗಳು ಕುರುಡು ಕೆಲಸವಾಗುತ್ತವೆ. ಸಾಮಾನ್ಯ ಕ್ಯಾನಿನ ವ್ಯಾಸ ಸುಮಾರು 66 ಮಿ.ಮೀ., ಎತ್ತರ 115ರಿಂದ 122 ಮಿ.ಮೀ. ಬದಿಯ ತಗಡಿನ ದಪ್ಪ ಬರೀ 0.1 ಮಿ.ಮೀ. ಆಸುಪಾಸು. ಇಷ್ಟು ತೆಳು ತಗಡಾದರೂ, ನಗ್ಗದ ಕ್ಯಾನಿನ ಮೇಲೆ ದೊಡ್ಡವರೊಬ್ಬರು ನಿಧಾನವಾಗಿ, ಅಲ್ಲಾಡದೆ ನಿಂತರೆ ಅದು ತಡೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಬದಿಯನ್ನು ಬೆರಳಿಂದ ಸ್ವಲ್ಪ ಮುಟ್ಟಿದರೆ ದಢಕ್ಕನೆ ಕುಸಿಯುತ್ತದೆ.

ಅಂದರೆ ಹೆಚ್ಚು ಬಲ ಬೇಕಾಗುವುದು ಎರಡು ಹೊತ್ತಿನಲ್ಲಿ: ಮೊದಲ ಸುಕ್ಕು ಬೀಳುವಾಗ, ಮತ್ತು ಕೊನೆಯಲ್ಲಿ ಮಡಿಕೆಗಳು ಒಂದರ ಮೇಲೊಂದು ಕೂತಾಗ. ನಡುವೆ ಸಲೀಸು. ಮೊದಲ ಸುಕ್ಕನ್ನು ಕೈಯಿಂದ ಮಾಡುವ ನಗ್ಗು ಹಗುರ ಮಾಡುತ್ತದೆ, ಕೊನೆಯದನ್ನು ನಮ್ಮ ಸನ್ನೆ (ಹಿಡಿಕೆ ಇರುವ ಉದ್ದ ಪಟ್ಟಿ) ನೋಡಿಕೊಳ್ಳುತ್ತದೆ. ಕ್ಯಾನಿಗೆ ತಾಗುವಾಗಲೂ ನಡುವೆಯೂ ಅದು ನಿಮ್ಮ ಬಲವನ್ನು ಸುಮಾರು 7 ಪಟ್ಟು, ಕೊನೆಯಲ್ಲಿ 30 ಪಟ್ಟು ಹೆಚ್ಚಿಸುತ್ತದೆ. ಈ ಕೊನೆಯ 30 ಪಟ್ಟು ವರವೂ ಹೌದು, ಅಪಾಯವೂ ಹೌದು. ಅಳತೆ ತಪ್ಪಿದರೆ ಅದು ಕ್ಯಾನನ್ನು ಬಿಟ್ಟು ಯಂತ್ರವನ್ನೇ ಸೀಳುತ್ತದೆ.

## ಬೇಕಾಗುವ ಸಾಮಾನು

18 ಮಿ.ಮೀ. ದಪ್ಪದ ಒಳ್ಳೆಯ ಪ್ಲೈವುಡ್‌ನಲ್ಲಿ:

- ಹಿಂಬದಿ ಹಲಗೆ: 560 × 200 ಮಿ.ಮೀ., ಒಂದು
- ಪಕ್ಕದ ಹಲಗೆ: 445 × 90 ಮಿ.ಮೀ., ಎರಡು
- ಕೊರಡಿಗೆ ತುಂಡು: 180 × 72 ಮಿ.ಮೀ., ನಾಲ್ಕು

ಕಬ್ಬಿಣದಲ್ಲಿ 25 × 5 ಮಿ.ಮೀ. ಪಟ್ಟಿ: 600 ಮಿ.ಮೀ. ಉದ್ದದ್ದು ಎರಡು (ಇವು ಸನ್ನೆ ಪಟ್ಟಿ), 180 ಮಿ.ಮೀ. ಉದ್ದದ್ದು ಎರಡು (ಇವು ಕೊಂಡಿ ಪಟ್ಟಿ). 10 ಮಿ.ಮೀ. ನುಣುಪು ಸರಳು ಸುಮಾರು ಅರ್ಧ ಮೀಟರ್. 8 ಮಿ.ಮೀ. ಬೋಲ್ಟು: 30 ಮಿ.ಮೀ. ಉದ್ದದ್ದು ಎರಡು, 130 ಮಿ.ಮೀ. ಉದ್ದದ್ದು ಎರಡು. ಎಲ್ಲಕ್ಕೂ ನೈಲಾನ್ ಬಳೆ ಇರುವ ನಟ್ಟು, ಧಾರಾಳ ವಾಷರ್, ನಾಲ್ಕು ಸ್ಪ್ಲಿಟ್ ಪಿನ್, ಹಿಡಿಕೆಗೆ 30 ಮಿ.ಮೀ. ದಪ್ಪದ ಮರದ ಕೋಲು. ಕೊರಡುಗಳ ಮುಖಕ್ಕೆ 2 ಮಿ.ಮೀ. ತಗಡಿನ ಎರಡು ತುಂಡು. ಮರದ ಅಂಟು, ಸ್ಕ್ರೂ, ಗೋಡೆಗೆ ನಾಲ್ಕು ಆಂಕರ್ ಬೋಲ್ಟು.

ಸಲಕರಣೆ: ಡ್ರಿಲ್, ಗರಗಸ (ಜಿಗ್‌ಸಾ ಇದ್ದರೆ ಒಳ್ಳೆಯದು), ಅರ, ಮೂಲೆಮಟ್ಟ, ರಸಮಟ್ಟ, ಸೆಂಟರ್ ಪಂಚ್, ಕಡಿಮೆಯೆಂದರೆ ಎರಡು ಕ್ಲಾಂಪ್, ಕಣ್ಣಿಗೆ ಕನ್ನಡಕ. ಕ್ಲಾಂಪ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಯಾಕೆಂದು ಎರಡನೇ ಹಂತದಲ್ಲಿ ಗೊತ್ತಾಗುತ್ತದೆ.

ಸರಳಿನ ಬದಲು ಉದ್ದಕ್ಕೂ ಮರೆ (ಸ್ಕ್ರೂವಿನಂಥ ಸುರುಳಿ ಗೀರು) ಇರುವ ಥ್ರೆಡ್ ರಾಡ್ ಹಾಕುವವರು ಬಹಳ ಮಂದಿ. ಮೇಲ್ನೋಟಕ್ಕೆ ಸುಲಭ, ಎರಡು ತುದಿಗೆ ನಟ್ಟು ತಿರುಗಿಸಿದರಾಯಿತು. ಆದರೆ ಆ ಮರೆಗಳು ಮರದ ಸೀಳಿನಲ್ಲಿ ಮೇಲೆ ಕೆಳಗೆ ಹೋಗುವಾಗ ಅರದ ಹಾಗೆ ಕೆಲಸ ಮಾಡುತ್ತವೆ. ನಾನು ಮೊದಲು ಕಟ್ಟಿದ್ದರಲ್ಲಿ ಅದೇ ಆಯಿತು. ಕೆಲವೇ ವಾರಗಳಲ್ಲಿ ಸೀಳಿನ ಎರಡೂ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು ಮೂಡಿ, ಕೆಳಗೆ ಹಿಟ್ಟಿನಂಥ ಮರದ ಪುಡಿ ಬೀಳುತ್ತಿತ್ತು. ಕೊರಡು ಒಂದು ಕಡೆಗೆ ವಾಲಿ ಇಳಿಯತೊಡಗಿತು. ನುಣುಪು ಸರಳೇ ತನ್ನಿ.

## ಹಂತ 1: ಕೊರಡು ಮಾಡುವುದು

ನಾಲ್ಕು ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ, ಕ್ಲಾಂಪ್ ಬಿಗಿದು ಒಂದು ರಾತ್ರಿ ಬಿಡಿ. 72 × 72 × 180ರ ಗಟ್ಟಿ ದಿಮ್ಮಿ ಸಿಗುತ್ತದೆ. ಪ್ಲೈವುಡ್ 18 ಮಿ.ಮೀ. ಎಂದು ಬರೆದಿದ್ದರೂ ಕೈಗೆ ಬರುವಾಗ ಒಂದೆರಡು ಕೂದಲು ಕಡಿಮೆ ಇರುವುದುಂಟು. ಬಂದ ಅಳತೆಯನ್ನೇ ಹಿಡಿಯಿರಿ, ಕಾಗದದ ಮೇಲಿನದ್ದನ್ನಲ್ಲ.

ದಿಮ್ಮಿಯನ್ನು ಎರಡು ತುಂಡು ಮಾಡಿ: 100 ಮಿ.ಮೀ.ದು ಜಾರುವ ಕೊರಡು, ಉಳಿದದ್ದರಲ್ಲಿ 75 ಮಿ.ಮೀ.ದು ತಳದ ಕೊರಡು. ಎರಡೂ ಒಂದೇ ದಿಮ್ಮಿಯಿಂದ ಬಂದಿರುವುದರಿಂದ ಅಗಲ ಸಮ. ಈಗ ಜಾರುವ ಕೊರಡನ್ನು ಮಾತ್ರ ಸ್ಯಾಂಡ್ ಪೇಪರ್‌ನಿಂದ ನಾಲ್ಕೂ ಬದಿ ಒಂದೊಂದು ಮಿ.ಮೀ. ತಗ್ಗಿಸಿ 70ಕ್ಕೆ ತನ್ನಿ. ಈ ಒಂದು ಮಿ.ಮೀ.ಯೇ ಅದರ ಸಡಿಲ. ಇದಕ್ಕಿಂತ ಬಿಗಿಯಾದರೆ ಮಳೆಗಾಲದಲ್ಲಿ ಮರ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಸಡಿಲವಾದರೆ ವಾಲುತ್ತದೆ.

ಜಾರುವ ಕೊರಡಿಗೆ ಅಡ್ಡಲಾಗಿ ಎರಡು ತೂತು, ಎರಡೂ 10 ಮಿ.ಮೀ., ದಪ್ಪದ ನಟ್ಟನಡುವೆ. ಕೆಳಮುಖದಿಂದ 20 ಮಿ.ಮೀ. ಮೇಲೆ ಒಂದು (ದಾರಿಸರಳಿಗೆ), 70 ಮಿ.ಮೀ. ಮೇಲೆ ಇನ್ನೊಂದು (ಕೊಂಡಿ ಪಟ್ಟಿ ತಳ್ಳುವ ಒತ್ತುಸರಳಿಗೆ). ಎರಡೂ ಬದಿಯಲ್ಲಿ ಗುರುತು ಹಾಕಿ, ಅರ್ಧ ಈ ಕಡೆಯಿಂದ ಅರ್ಧ ಆ ಕಡೆಯಿಂದ ಕೊರೆಯಿರಿ. ಒಂದೇ ಕಡೆಯಿಂದ ಕೊರೆದರೆ ಆಚೆ ತುದಿಯಲ್ಲಿ ಎರಡು ಮೂರು ಮಿ.ಮೀ. ತಪ್ಪುವುದು ಸಹಜ.

ಎರಡು ಸರಳು ಯಾಕೆ? ಒಂದೇ ಸರಳಿದ್ದರೆ ಕೊರಡು ಅದರ ಸುತ್ತ ತೊಟ್ಟಿಲಿನಂತೆ ತೂಗುತ್ತದೆ. ಕ್ಯಾನಿನ ಒಂದು ಅಂಚಿಗೆ ಮೊದಲು ತಾಗುತ್ತದೆ, ಕ್ಯಾನ್ ಚಿಮ್ಮುತ್ತದೆ. ಹಿಂಜ್ ಹಲಗೆಯಲ್ಲಿ ಬಿಟ್ಟುಬಂದ ರೋಗವೇ ಮತ್ತೆ ಬಂದಂತೆ. ಎರಡನೆಯ ಸರಳು ಅದೇ ಸೀಳಿನಲ್ಲಿ 50 ಮಿ.ಮೀ. ಕೆಳಗೆ ಓಡುವುದರಿಂದ ಕೊರಡು ತಲೆ ಅಲ್ಲಾಡಿಸುವಂತಿಲ್ಲ.

## ಹಂತ 2: ಪಕ್ಕದ ಹಲಗೆ ಮತ್ತು ಸೀಳು

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಕಾದ ಹಂತ ಇದು. ಎರಡು ಪಕ್ಕದ ಹಲಗೆಗಳನ್ನು ಒಂದರ ಮೇಲೊಂದು ಇಟ್ಟು, ಅಂಚಿಗೆ ಅಂಚು ಸರಿಹೊಂದಿಸಿ ಕ್ಲಾಂಪ್ ಹಾಕಿ. ಮುಂದಿನ ಎಲ್ಲ ತೂತು, ಎಲ್ಲ ಕತ್ತರಿಕೆ ಎರಡಕ್ಕೂ ಒಟ್ಟಿಗೇ ಆಗಬೇಕು. ಬೇರೆ ಬೇರೆ ಅಳೆದು ಕೊರೆದರೆ ಎಷ್ಟೇ ಜಾಗ್ರತೆ ವಹಿಸಿದರೂ ಒಂದು ಸೀಳು ಇನ್ನೊಂದಕ್ಕಿಂತ ಕೂದಲೆಳೆ ಓರೆಯಾಗುತ್ತದೆ, ಅಷ್ಟಕ್ಕೇ ಕೊರಡು ಹಿಡಿದುಕೊಳ್ಳುತ್ತದೆ.

ಹಿಂಬದಿ ಅಂಚಿನಿಂದ 37 ಮಿ.ಮೀ. ದೂರದಲ್ಲಿ ಉದ್ದಕ್ಕೂ ಒಂದು ಗೆರೆ ಎಳೆಯಿರಿ. ಎಲ್ಲ ತೂತುಗಳೂ ಈ ಗೆರೆಯ ಮೇಲೆ. ಮೇಲ್ತುದಿಯಿಂದ 40 ಮಿ.ಮೀ. ಕೆಳಗೆ ತಿರುಗುಸರಳಿನ (ಸನ್ನೆ ಇದರ ಸುತ್ತ ತಿರುಗುತ್ತದೆ) ತೂತು, 10 ಮಿ.ಮೀ. ಆ ತೂತಿನ ನಡುವಿನಿಂದ ಕೆಳಕ್ಕೆ 86 ಮಿ.ಮೀ.ಯಲ್ಲಿ ಒಂದು, 280 ಮಿ.ಮೀ.ಯಲ್ಲಿ ಇನ್ನೊಂದು 11 ಮಿ.ಮೀ. ತೂತು ಕೊರೆಯಿರಿ. ಈ ಎರಡರ ನಡುವಿನ ಮರವನ್ನು ಜಿಗ್‌ಸಾದಿಂದ ತೆಗೆದರೆ ಅದೇ ಸೀಳು. ಗೆರೆಯ ಒಳಗೇ ಕತ್ತರಿಸಿ, ಉಳಿದದ್ದನ್ನು ಅರದಿಂದ ಉಜ್ಜಿ. 10 ಮಿ.ಮೀ. ಸರಳನ್ನು ತೂರಿಸಿ ಮೇಲಿನಿಂದ ಕೈಬಿಟ್ಟರೆ ತನ್ನ ಭಾರಕ್ಕೆ ತಾನೇ ಕೆಳಗೆ ಜಾರಬೇಕು. ಎಲ್ಲಾದರೂ ನಿಂತಿತೋ, ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ ಮತ್ತೆ ಉಜ್ಜಿ. ಸೀಳಿನ ಒಳಮೈಗೆ ಮೇಣದಬತ್ತಿ ತಿಕ್ಕಿ. ಎಣ್ಣೆ ಬೇಡ, ಧೂಳು ಹಿಡಿದು ಅಂಟಾಗುತ್ತದೆ.

## ಹಂತ 3: ಕಬ್ಬಿಣದ ಪಟ್ಟಿ

ಇಲ್ಲೂ ಅದೇ ನಿಯಮ. ಸನ್ನೆ ಪಟ್ಟಿ ಎರಡನ್ನೂ ಜೋಡಿಸಿ ಒಟ್ಟಿಗೆ ಕೊರೆಯಿರಿ, ಕೊಂಡಿ ಪಟ್ಟಿ ಎರಡನ್ನೂ ಒಟ್ಟಿಗೆ.

ಸನ್ನೆ ಪಟ್ಟಿಯಲ್ಲಿ ತುದಿಯಿಂದ 15 ಮಿ.ಮೀ.ಗೆ 10.5 ಮಿ.ಮೀ. ತೂತು, ಅಲ್ಲಿಂದ ಸರಿಯಾಗಿ 75 ಮಿ.ಮೀ. ದೂರಕ್ಕೆ 8.5 ಮಿ.ಮೀ. ತೂತು. ಕೊಂಡಿ ಪಟ್ಟಿಯಲ್ಲಿ ಒಂದು ತುದಿಗೆ 10.5, ಇನ್ನೊಂದು ತುದಿಗೆ 8.5, ಎರಡರ ನಡುವೆ 150 ಮಿ.ಮೀ. ಸೆಂಟರ್ ಪಂಚ್‌ನಿಂದ ಗುಳಿ ಮಾಡದೆ ಬಿಟ್ ಇಟ್ಟರೆ ಅದು ಜಾರಿ ಅಳತೆ ಕೆಡುತ್ತದೆ. ಮೊದಲು 4 ಮಿ.ಮೀ. ಬಿಟ್, ಆಮೇಲೆ ದೊಡ್ಡದು. ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೊರೆಯಬೇಡಿ. ಬಿಟ್ ಕಚ್ಚಿಕೊಂಡರೆ ಪಟ್ಟಿ ಗರಗರನೆ ತಿರುಗಿ ಕೈ ಕೊಯ್ಯುತ್ತದೆ. ಮೂಲೆಗಳನ್ನೂ ತೂತಿನ ಅಂಚನ್ನೂ ಅರದಿಂದ ಉರುಟು ಮಾಡಿ.

## ಹಂತ 4: ಪೆಟ್ಟಿಗೆ ಕಟ್ಟುವುದು

ಕೊರಡಿಗೆ ಕೆಳಗಿನ ದಾರಿಸರಳನ್ನು ಅಂಟು ಹಾಕಿ ತೂರಿಸಿ. ಉದ್ದ 104 ಮಿ.ಮೀ. ಮಾತ್ರ, ಸೀಳಿನ ಹೊರಗೆ ಇಣುಕಬಾರದು. ಕೊರಡನ್ನು ನಡುವೆ ಇಟ್ಟು ಎರಡೂ ಪಕ್ಕದ ಹಲಗೆ ಸೇರಿಸಿ, ತಳದ ಕೊರಡನ್ನು ಕೆಳತುದಿಗೆ ಕೂರಿಸಿ. ಪಕ್ಕದ ಹಲಗೆಗಳನ್ನು ಹಿಂಬದಿ ಹಲಗೆಗೆ ಅಂಟು ಮತ್ತು ಹಿಂದಿನಿಂದ ಹೊಡೆದ ಸ್ಕ್ರೂಗಳಿಂದ ಬಿಗಿಯಿರಿ. ಬಿಗಿಯುವ ಮುನ್ನ ಕೊರಡನ್ನು ಮೇಲೆ ಒಮ್ಮೆ, ಕೆಳಗೆ ಒಮ್ಮೆ ಓಡಿಸಿ ನೋಡಿ. ಅಂಟು ಒಣಗಿದ ಮೇಲೆ ತಿದ್ದಲಾಗುವುದಿಲ್ಲ.

ತಳದ ಕೊರಡಿನ ವಿಷಯಕ್ಕೆ ಬರೋಣ, ಹೆಚ್ಚಿನ ಯಂತ್ರಗಳು ಮುರಿಯುವುದು ಇಲ್ಲೇ. ನೀವು ಎಳೆದಾಗ ಕ್ಯಾನ್ ಮೇಲಿನ ಒತ್ತಡ ಗೋಡೆಗೆ ಹೋಗುವುದಿಲ್ಲ. ಅದು ತಿರುಗುಸರಳನ್ನು ಮೇಲಕ್ಕೂ ತಳದ ಕೊರಡನ್ನು ಕೆಳಕ್ಕೂ ತಳ್ಳುತ್ತದೆ, ಪಕ್ಕದ ಹಲಗೆಗಳು ಆ ಎರಡರ ನಡುವೆ ಹಗ್ಗದಂತೆ ಜಗ್ಗಲ್ಪಡುತ್ತವೆ. ಬರೀ ಮೊಳೆ ಹೊಡೆದ ತಳ ಇದನ್ನು ತಡೆಯುವುದಿಲ್ಲ. ಹಾಗಾಗಿ 130 ಮಿ.ಮೀ. ಬೋಲ್ಟು ಎರಡನ್ನೂ ಎರಡೂ ಪಕ್ಕದ ಹಲಗೆ ಮತ್ತು ತಳದ ಕೊರಡನ್ನು ದಾಟಿಸಿ, ಅಗಲ ವಾಷರ್ ಹಾಕಿ ಬಿಗಿಯಿರಿ.

ತಳದ ಕೊರಡಿಗೆ ಮೇಲಿನಿಂದ ಕೆಳಕ್ಕೆ ಮೂರು ತೂತು ಕೊರೆಯಿರಿ, ಉಳಿದ ಪಾನೀಯ ಹರಿದುಹೋಗಲು. ಬೋಲ್ಟುಗಳ ದಾರಿಗೆ ಅಡ್ಡ ಬರದಂತೆ ನೋಡಿಕೊಳ್ಳಿ. ಎರಡೂ ಕೊರಡಿನ ಎದುರುಬದುರು ಮುಖಕ್ಕೆ ತಗಡು ಹೊಡೆಯಿರಿ, ಅದರಲ್ಲೂ ಅದೇ ತೂತು ಇರಲಿ. ತಗಡು ಇಲ್ಲದಿದ್ದರೆ ಕ್ಯಾನಿನ ಗಟ್ಟಿ ಅಂಚು ಮರದಲ್ಲಿ ಬಳೆಯಂಥ ಗುಳಿ ಕೊರೆಯುತ್ತದೆ, ಮುಂದಿನ ಕ್ಯಾನ್ ಆ ಗುಳಿಗೆ ಓರೆಯಾಗಿ ಕೂರುತ್ತದೆ.

## ಹಂತ 5: ಸನ್ನೆ ಕೂರಿಸುವುದು

ಒತ್ತುಸರಳು (ಸುಮಾರು 165 ಮಿ.ಮೀ.) ಸೀಳು ಮತ್ತು ಕೊರಡನ್ನು ದಾಟಿ ಎರಡೂ ಬದಿಗೆ ಹೊರಬರಲಿ. ಪ್ರತಿ ಬದಿಗೆ ಹಲಗೆಯಿಂದ 10 ಮಿ.ಮೀ. ಆಗುವಷ್ಟು ವಾಷರ್ ಪೋಣಿಸಿ, ಮೇಲೆ ಕೊಂಡಿ ಪಟ್ಟಿ, ಮತ್ತೆ ವಾಷರ್, ಸ್ಪ್ಲಿಟ್ ಪಿನ್. ತಿರುಗುಸರಳಿಗೆ (180 ಮಿ.ಮೀ.) ಪ್ರತಿ ಬದಿಗೆ 16 ಮಿ.ಮೀ. ವಾಷರ್, ಮೇಲೆ ಸನ್ನೆ ಪಟ್ಟಿ. ಹೀಗೆ ಕೊಂಡಿ ಒಳಗೆ, ಸನ್ನೆ ಹೊರಗೆ ಬರುತ್ತದೆ. ಎರಡನ್ನೂ ಸಣ್ಣ ಬೋಲ್ಟಿನಿಂದ ಜೋಡಿಸಿ, ಬೋಲ್ಟಿನ ತಲೆ ಒಳಗಡೆಗೆ ಇರಲಿ. 10 ಮಿ.ಮೀ. ಅಂತರ ಬಿಟ್ಟಿದ್ದು ಆ ತಲೆಗಾಗಿಯೇ. ಅಂತರ ಇಲ್ಲದಿದ್ದರೆ ಅದು ಪ್ರತಿ ಎಳೆತಕ್ಕೂ ಹಲಗೆಯ ಮೇಲೆ ಕಮಾನಿನಂತೆ ಗೀರುತ್ತದೆ.

ನಟ್ಟನ್ನು ಪೂರ್ತಿ ಬಿಗಿದು, ಕಾಲು ಸುತ್ತು ಹಿಂದಕ್ಕೆ ಬಿಡಿ. ಪಟ್ಟಿ ತಿರುಗಬೇಕು, ಲಟಪಟ ಅನ್ನಬಾರದು. ಹಿಡಿಕೆಯ ಕೋಲನ್ನು ಸನ್ನೆ ಪಟ್ಟಿಗಳ ಹೊರತುದಿಯಲ್ಲಿ, ನಡುವೆ ಇಟ್ಟು ಎರಡೂ ಕಡೆಯಿಂದ ಸ್ಕ್ರೂ ಹಾಕಿ. ಇದು ಸುಮಾರು 140 ಮಿ.ಮೀ. ಇರುತ್ತದೆ. ಪಟ್ಟಿಗಳ ನಡುವಿನ ಅಂತರವನ್ನು ಅಳೆದೇ ಕತ್ತರಿಸಿ.

## ಹಂತ 6: ತಡೆ ಮತ್ತು ತಳದ ಎತ್ತರ

ಸನ್ನೆ ನೆಟ್ಟಗೆ ಕೆಳಕ್ಕೆ ಬರುತ್ತಿದ್ದಂತೆ ಬಲ ವಿಪರೀತ ಏರುತ್ತದೆ, ಇನ್ನೂ ಒಳಕ್ಕೆ ತಳ್ಳಿದರೆ ಸನ್ನೆ ಪಟ್ಟಿ ಒತ್ತುಸರಳಿನ ತುದಿಗೆ ಬಡಿಯುತ್ತದೆ. ಅದಕ್ಕೂ ಮೊದಲೇ ನಿಲ್ಲಿಸಬೇಕು. ಹಿಂಬದಿ ಹಲಗೆಯ ಮೇಲೆ, ತಿರುಗುಸರಳಿನಿಂದ 300 ಮಿ.ಮೀ. ಕೆಳಗೆ, ಎರಡೂ ಸನ್ನೆ ಪಟ್ಟಿಗಳ ಹಿಂದೆ ಸುಮಾರು 70 ಮಿ.ಮೀ. ಎತ್ತರದ ಮರದ ತುಂಡು ಕೂರಿಸಿ, ತಲೆಗೆ ದಪ್ಪ ರಬ್ಬರ್ ಅಂಟಿಸಿ. ಸನ್ನೆ ಗೋಡೆಗೆ ಸಮಾನಾಂತರವಾಗುವ ಸ್ವಲ್ಪ ಮೊದಲು ಇದಕ್ಕೆ ತಾಗಿ ನಿಲ್ಲುತ್ತದೆ.

ಈಗ ಕ್ಯಾನ್ ಇಲ್ಲದೆ ಹಿಡಿಕೆ ಪೂರ್ತಿ ಇಳಿಸಿ, ಎರಡು ಕೊರಡಿನ ನಡುವಿನ ಜಾಗ ಅಳೆಯಿರಿ. 35 ಮಿ.ಮೀ. ಆಸುಪಾಸು ಇರಬೇಕು. ಮೊದಲ ಕ್ಯಾನ್‌ಗಳನ್ನು ಇಷ್ಟರಲ್ಲೇ ಜಜ್ಜಿ ನೋಡಿ. ಎಲ್ಲ ಸರಿಯಿದ್ದರೆ ತಳದ ತಗಡಿನ ಕೆಳಗೆ ತೆಳು ಪ್ಲೈವುಡ್ ತುಂಡು ಸೇರಿಸುತ್ತಾ 25 ಮಿ.ಮೀ.ಗೆ ತನ್ನಿ. ಮೊದಲ ದಿನವೇ 15ಕ್ಕೆ ಇಳಿಸುವ ಆಸೆ ಬೇಡ. ಆ ಹತ್ತು ಮಿ.ಮೀ.ಯಲ್ಲಿ ನಿಮಗೆ ಸಿಗುವ ಜಾಗ ಅತ್ಯಲ್ಪ, ಮುರಿಯುವುದು ಮಾತ್ರ ಯಂತ್ರ.

## ಹಂತ 7: ಗೋಡೆಗೆ

ತಿರುಗುಸರಳು ನಿಮ್ಮ ಎದೆಯಷ್ಟು ಎತ್ತರಕ್ಕೆ ಬರಲಿ. ರಸಮಟ್ಟ ಇಟ್ಟು ನೋಡಿ, ನಾಲ್ಕು ಆಂಕರ್ ಬೋಲ್ಟು ಹಾಕಿ. ಹಿಡಿಕೆ ಎಳೆಯಲು ಶುರು ಮಾಡಿದಾಗ ಯಂತ್ರದ ತಲೆ ಗೋಡೆಯಿಂದ ಕಿತ್ತುಬರಲು ನೋಡುತ್ತದೆ. ಆದ್ದರಿಂದ ಮೇಲಿನ ಎರಡು ಬೋಲ್ಟು ಗಟ್ಟಿ ಜಾಗದಲ್ಲಿರಬೇಕು, ಉದುರುವ ಗಾರೆಯಲ್ಲಲ್ಲ.

ಮೇಲೆತ್ತಿದ ಹಿಡಿಕೆ ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಕ್ಯಾನ್ ಇಡಲು ಕೈ ಒಳಗಿರುವಾಗ ಅದು ಬಿದ್ದರೆ ಬೆರಳು ಹೋಯಿತು ಎಂದೇ ತಿಳಿಯಿರಿ. ಗೋಡೆಗೆ ಒಂದು ಕೊಕ್ಕೆ ಹಾಕಿ, ಹಿಡಿಕೆಯಿಂದ ಗಟ್ಟಿ ದಾರದ ಕುಣಿಕೆ ಕಟ್ಟಿ ಅದಕ್ಕೆ ಸಿಕ್ಕಿಸಿ. ಕುಣಿಕೆ ಸಿಕ್ಕಿಸದೆ ಕೈ ಒಳಗೆ ಹಾಕಬಾರದು, ಎಳೆಯುವಾಗ ಎರಡೂ ಕೈ ಹಿಡಿಕೆಯ ಮೇಲಿರಬೇಕು. ಈ ಎರಡು ನಿಯಮಕ್ಕೆ ವಿನಾಯಿತಿ ಇಲ್ಲ. ಮಕ್ಕಳಿರುವ ಮನೆಯಲ್ಲಿ ಕೆಲಸ ಮುಗಿದ ಮೇಲೆ ಹಿಡಿಕೆಯನ್ನು ಕೆಳಗಿಳಿಸಿ, ತಡೆಗೆ ಕಟ್ಟಿ ಬೀಗ ಹಾಕಿ.

## ಜಜ್ಜುವ ಕ್ರಮ

ಕ್ಯಾನ್ ತೊಳೆದು ಬೋರಲು ಹಾಕಿ ನೀರು ಇಳಿಸಿ. ಎತ್ತರದ ಸರಿಮಧ್ಯದಲ್ಲಿ ಎರಡು ಹೆಬ್ಬೆರಳಿನಿಂದ ಎದುರುಬದುರು ಒಂದೊಂದು ನಗ್ಗು ಮಾಡಿ. ಒಂದೇ ಕಡೆ ಒತ್ತಿದರೆ ಕ್ಯಾನ್ ಆ ಕಡೆಗೆ ಬಾಗುತ್ತದೆ, ಎರಡೂ ಕಡೆ ಒತ್ತಿದರೆ ನೆಟ್ಟಗೆ ಕುಸಿಯುತ್ತದೆ. ನಗ್ಗು ಮಾಡಿದ ಕ್ಯಾನನ್ನು ತಳದ ನಡುವೆ ನಿಲ್ಲಿಸಿ, ಕುಣಿಕೆ ಬಿಡಿಸಿ, ಜರ್ಕ್ ಹೊಡೆಯದೆ ಒಂದೇ ಸಮನೆ ಎಳೆಯಿರಿ. ಹರಿದ ತಗಡಿನ ಅಂಚು ಬ್ಲೇಡಿನಷ್ಟೇ ಚೂಪು, ತೆಗೆಯುವಾಗ ಕೈಗವಸು ಇರಲಿ.

## ಕೆಡುವ ಮುನ್ನ ಯಂತ್ರ ಹೇಳುವ ಮಾತು

ಕ್ಯಾನ್‌ಗಳು ಯಾವಾಗಲೂ ಒಂದೇ ಬದಿಗೆ ವಾಲಿ ಚಪ್ಪಟೆಯಾಗುತ್ತಿದ್ದರೆ ಆ ಬದಿಯ ತೂತು ಸವೆದು ಅಂಡಾಕಾರವಾಗಿದೆ, ಇಲ್ಲವೇ ಆ ಬದಿಯ ನಟ್ಟು ಸಡಿಲ. ಬೇರೆ ಬೇರೆ ಬದಿಗೆ ವಾಲುತ್ತಿದ್ದರೆ ತಪ್ಪು ನಿಮ್ಮ ನಗ್ಗಿನದ್ದು, ಯಂತ್ರದ್ದಲ್ಲ.

ಸೀಳಿನ ಕೆಳಗೆ ಕಪ್ಪು ಪುಡಿ ಕಂಡರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ, ವಾಷರ್ ಸೇರಿಸಿ. ಹಿಡಿಕೆ ಕೊನೆಯಲ್ಲಿ ಸ್ಪ್ರಿಂಗಿನಂತೆ ಹಿಂದಕ್ಕೆ ತಳ್ಳಿದರೆ ಅಂತರ ಕಡಿಮೆಯಾಗಿದೆ, ಒಂದು ಪ್ಲೈವುಡ್ ತುಂಡು ತೆಗೆಯಿರಿ. ತಳದ ಬೋಲ್ಟಿನ ಮೇಲೆ ಹಲಗೆಯಲ್ಲಿ ಸಣ್ಣ ಬಿರುಕು ಕಂಡರೆ ಅವತ್ತೇ ನಿಲ್ಲಿಸಿ ಹಲಗೆ ಬದಲಿಸಿ. ಅಂಟು ತುಂಬಿ ಮತ್ತೆ ಬಳಸುವ ಜಾಗ ಅದಲ್ಲ. ಗೋಡೆ ಬೋಲ್ಟಿನ ಸುತ್ತ ಸುಣ್ಣದ ಪುಡಿ ಉದುರುತ್ತಿದ್ದರೂ ಹಾಗೆಯೇ.

## 500 ಮಿ.ಲೀ. ಕ್ಯಾನ್‌ಗೆ

ಇದರ ಎತ್ತರ ಸುಮಾರು 168 ಮಿ.ಮೀ., ಮೇಲಿನ ಅಳತೆಯಲ್ಲಿ ಹಿಡಿಸುವುದಿಲ್ಲ. ಸನ್ನೆಯ 75ನ್ನು 100 ಮಾಡಿ, ಕೊಂಡಿಯ 150ನ್ನು 200 ಮಾಡಿ. ಸೀಳಿನ ತೂತುಗಳು ತಿರುಗುಸರಳಿನಿಂದ 115 ಮತ್ತು 355 ಮಿ.ಮೀ.ಗೆ ಬರುತ್ತವೆ, ತಳದ ಕೊರಡಿನ ಮೇಲ್ಮೈ 405ಕ್ಕೆ. ಪಕ್ಕದ ಹಲಗೆ 520, ಹಿಂಬದಿ ಹಲಗೆ 640 ಬೇಕು. ಇದರಲ್ಲಿ ಬಲ ಸ್ವಲ್ಪ ಕಡಿಮೆ ಸಿಗುವುದರಿಂದ ಸನ್ನೆ ಪಟ್ಟಿಯನ್ನು 800 ಮಿ.ಮೀ.ಗೆ ಉದ್ದ ಮಾಡಿ. ತಡೆಯ ಮರದ ತುಂಡಿನ ಎತ್ತರ ಮಾತ್ರ ಲೆಕ್ಕದಿಂದ ಬೇಡ, ಸನ್ನೆ ಕೂರಿಸಿದ ಮೇಲೆ ಇಳಿಸಿ ನೋಡಿಯೇ ಕತ್ತರಿಸಿ.